ಮೇಲಿನಕ್ಕನ ಎರಡು ಹಾಡುಗಳು

ಮಾತು ಬೆಳ್ಳಿ, ಮೌನ ಬಂಗಾರ ಎಂದು ಮೊದಲು ಹೇಳಿದವನು ಯಾರೋ ಗೊತ್ತಿಲ್ಲ. ಆದರೆ ಅವನು ಕ್ರೇನಿನ ಕೆಳಗೆ ಒಂದು ದಿನವೂ ನಿಂತವನಲ್ಲ ಎನ್ನುವುದು ಗೊತ್ತು. ನಮ್ಮ ಕೆಲಸದಲ್ಲಿ ಮೌನಕ್ಕೆ ಒಂದೇ ಅರ್ಥ. ನಿಲ್ಲಿಸು.

ಎತ್ತರದ ಕಟ್ಟಡ ಏಳುವ ಕಡೆ ಟವರ್ ಕ್ರೇನ್ ನೋಡಿರುತ್ತೀರಿ. ಕಂಬದ ತುದಿಯಲ್ಲಿ ಒಂದು ಗಾಜಿನ ಗೂಡು, ಗೂಡಿನಿಂದಾಚೆ ಉದ್ದನೆಯ ಕಬ್ಬಿಣದ ತೋಳು, ತೋಳಿನಿಂದ ಜೋತುಬಿದ್ದ ಕೊಕ್ಕೆ. ಆ ಗೂಡಿನಲ್ಲಿ ಕೂತು ಕ್ರೇನ್ ನಡೆಸುವವಳು ಮೇಲಿನಕ್ಕ. ಕೆಳಗೆ ನಿಂತು ವಾಕಿಟಾಕಿಯಲ್ಲಿ ಅವಳಿಗೆ ದಾರಿ ಹೇಳುವವನು ನಾನು. ಹೊರೆ ಗೋಡೆಯ ಆಚೆಗೋ ಗುಂಡಿಯೊಳಕ್ಕೋ ಇಳಿಯುವಾಗ ಅವಳಿಗೆ ಅದು ಕಾಣುವುದಿಲ್ಲ. ಆಗ ನನ್ನ ಬಾಯಿಯೇ ಅವಳ ಕಣ್ಣು. “ಇಳಿಸು, ಇಳಿಸು, ಇಳಿಸು” ಎಂದು ಉಸಿರು ಬಿಡದೆ ಹೇಳುತ್ತಲೇ ಇರಬೇಕು. ನನ್ನ ದನಿ ಬರುತ್ತಿರುವವರೆಗೆ ಹೊರೆ ಇಳಿಯುತ್ತದೆ. ದನಿ ನಿಂತಿತೋ, ಹೊರೆಯೂ ನಿಂತಿತು. ಯಾಕೆ, ಏನು ಎಂಬುದೆಲ್ಲ ಆಮೇಲೆ. ಒಮ್ಮೆ ನೊಣವೊಂದು ನನ್ನ ಗಂಟಲಿಗೆ ಹೋಗಿ ಕೆಮ್ಮು ಹತ್ತಿತು. ಆನೆಯಂಥ ನೀರಿನ ಟ್ಯಾಂಕು ಗುಂಡಿಯ ಮೇಲೆ ಗಾಳಿಯಲ್ಲಿ ಹಾಗೇ ನಿಂತಿತು. ಅದನ್ನು ಹಿಡಿಯಲು ಕೈ ಚಾಚಿದ್ದವರೂ ಫೋಟೋಗೆ ನಿಂತವರ ಹಾಗೆ ನಿಂತರು. ಆಗ ಮೇಲಿಂದ ದನಿ ಬಂತು: “ಗುಡುಗಪ್ಪಾ, ಇದ್ದೀಯೇನೋ?”

ಗುಡುಗು ಎನ್ನುವುದು ಕೆಲಸದ ಜಾಗದಲ್ಲಿ ನನಗಿಟ್ಟ ಹೆಸರು. ನನ್ನ ಗಂಟಲು ದೊಡ್ಡದು, ಕೋಪ ಮೂಗಿನ ತುದಿಯಲ್ಲಿ. ಅವಳಿಗೆ ಮೇಲಿನಕ್ಕ ಎಂದು ಹೆಸರಿಟ್ಟವರೂ ಅದೇ ಜನ. ಏನಾದರೂ ಎಡವಟ್ಟಾದರೆ “ಮೇಲಿರೋನು ನೋಡ್ಕೋತಾನೆ ಬಿಡಪ್ಪ” ಎಂದು ಒಬ್ಬ ಹೇಳಿದರೆ, “ಅವನಿಗೆ ಪುರುಸೊತ್ತಿಲ್ಲ, ಮೇಲಿರೋಳೇ ನೋಡ್ಕೋಬೇಕು” ಎಂದು ಇನ್ನೊಬ್ಬ ನಗುತ್ತಿದ್ದ.

ಅವಳು ಮೊದಲು ಇಂಥದೇ ಒಂದು ಕಟ್ಟಡದಲ್ಲಿ ಕೆಲಸಗಾರರಿಗೆ ಚಹಾ ಹೊತ್ತವಳು. ಒಂದು ದಿನ ಅಲ್ಲಿ ಕ್ರೇನ್ ನಡೆಸುತ್ತಿದ್ದ ಮುದುಕ ಊಟಕ್ಕೆ ಇಳಿದಾಗ, ಮೇಲೆ ಏನಿದೆ ನೋಡೋಣ ಎಂದು ಏಣಿ ಹತ್ತಿ ಹೋಗಿ ಅವನ ಕುರ್ಚಿಯಲ್ಲಿ ಕೂತಳಂತೆ. ಬಯ್ಯಬೇಕೆಂದು ಹತ್ತಿ ಬಂದವನಿಗೆ ಏದುಸಿರು. ಇವಳೇ ಅವನಿಗೆ ನೀರು ಕುಡಿಸಿ, “ಇದನ್ನ ಕಲಿಯೋಕೆ ಎಷ್ಟು ಓದಿರಬೇಕು ಅಜ್ಜ?” ಎಂದು ಕೇಳಿದಳಂತೆ. “ಓದೋದೇನಿಲ್ಲ. ಸುಮ್ಮನೆ ಕೂರೋಕೆ ಬರಬೇಕು” ಎಂದನಂತೆ ಅವನು. ಸುಮ್ಮನೆ ಕೂರುವುದು ಅವಳಿಗೆ ಬರುತ್ತಿತ್ತು. ಗಂಡ ಲಾರಿ ಓಡಿಸುತ್ತಿದ್ದವನು. ಮಗಳು ಅಂಬೆಗಾಲಿಡುವಾಗ ಇವರಿಬ್ಬರನ್ನೂ ಬಿಟ್ಟು ಹೋದ. ಅವನ ಬಗ್ಗೆ ನಾನು ಕೇಳಿದ್ದು ಒಂದೇ ಸಲ. “ಮಾಲೀಕನಿಗೆ ಲಾರಿ ವಾಪಸ್ ಬಂತು. ನಂಗೆ ಗಂಡ ಬರ್ಲಿಲ್ಲ” ಎಂದು ನಕ್ಕಳು. ಆ ನಗು ನೋಡಿ ನಾನು ಮತ್ತೆ ಕೇಳಲಿಲ್ಲ.

ಬೆಳಿಗ್ಗೆ ಹತ್ತಿದರೆ ಸಂಜೆ ಇಳಿಯುವುದು. ಊಟದ ಡಬ್ಬಿ, ನೀರಿನ ಬಾಟಲಿ, ಫೋನು, ಬೆನ್ನಿಗೊಂದು ಚಿಕ್ಕ ದಿಂಬು. ನಡುವೆ ಇಳಿದು ಹತ್ತುವ ಕಷ್ಟಕ್ಕೆ ಹೆದರಿ ನೀರನ್ನೂ ಅಳೆದು ಕುಡಿಯುತ್ತಾಳೆ. ಕೆಳಗೆ ನಾವು ಹೊರೆ ಕಟ್ಟುವಾಗ ಅವಳಿಗೆ ಮೇಲೆ ಕೆಲಸವಿರುವುದಿಲ್ಲ. ಆಗ ಫೋನಿನಲ್ಲಿ ಹಾಡು ಹಾಕುತ್ತಾಳೆ. ಕೊಕ್ಕೆಗೆ ಹೊರೆ ಬಿತ್ತೆಂದರೆ ಹಾಡು ಬಂದ್. ನಮ್ಮ ಚಾನೆಲ್‌ನಲ್ಲಿ ನಾವಿಬ್ಬರೇ ಇರುವುದರಿಂದ, ಕೆಲವು ಸಲ ಗುಂಡಿ ಒತ್ತಿ ಹಿಡಿದು ನನಗೂ ಕೇಳಿಸುತ್ತಾಳೆ. ಕೇಳಿಸುತ್ತಿದ್ದದ್ದು ಒಂದೇ ಹಾಡು.

“ಹಾಡಿದ್ದೇ ಹಾಡೋ ಕಿಸುಬಾಯಿ ದಾಸ ಅಂತಾರೆ. ನಿನ್ನ ಫೋನಿಗೆ ಬೇರೆ ಹಾಡು ಗೊತ್ತಿಲ್ವಾ?” ಎಂದು ನಾನು ರೇಗುತ್ತಿದ್ದೆ.

“ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ. ಸುಮ್ನೆ ಕೇಳು.”

ಕೇಳಿ ಕೇಳಿ ನನಗೂ ಅದು ಬಾಯಿಪಾಠವಾಯಿತು. ನಾವು ಅದನ್ನು ದೀಪದ ಹಾಡು ಎನ್ನುತ್ತೇವೆ. ಒಬ್ಬಳು ಹೆಂಗಸು ಬಾಗಿಲ ದೀಪ ಹಾಕಿಟ್ಟು ಕಿಟಕಿಯ ಹತ್ತಿರ ಕೂತಿದ್ದಾಳೆ. ಬರಬೇಕಾದವರು ಬಂದಿಲ್ಲ. ಚಿಲಕ ಹಾಕಿಲ್ಲ, ತಳ್ಳಿದರೆ ಸಾಕು ಎನ್ನುತ್ತಾಳೆ. ಬರಬೇಕಾದವರು ಗಂಡನೋ ಮಗನೋ ಅಕ್ಕನೋ, ಹಾಡಿನಲ್ಲಿಲ್ಲ. ಹಾಡುವವಳದು ದಪ್ಪನೆಯ, ತಗ್ಗಿದ ದನಿ. ಹಳೆಯ ಕಂಬಳಿಯ ಹಾಗೆ ಸ್ವಲ್ಪ ಚುಚ್ಚುತ್ತದೆ, ಆದರೆ ಬೆಚ್ಚಗಿರುತ್ತದೆ. ಹಿಂದೆ ಪಿಯಾನೋ, ಖಾಲಿ ಮನೆಯಲ್ಲಿ ಯಾರೋ ಬರಿಗಾಲಲ್ಲಿ ಓಡಾಡಿದ ಹಾಗೆ ಒಂದೊಂದೇ ಸ್ವರ. ಅದರ ಸುತ್ತ ಮಂಜು ಕವಿದ ಹಾಗೆ ಪಿಟೀಲುಗಳು. ಅವಳಿಗೆ ಯಾವ ಅವಸರವೂ ಇಲ್ಲ. ಒಂದು ಮಾತನ್ನು ಹಿಡಿದರೆ ಅದನ್ನು ಮೆತ್ತಗೆ ನೆಲಕ್ಕೆ ಇಳಿಸಿಯೇ ಇನ್ನೊಂದನ್ನು ಎತ್ತುತ್ತಾಳೆ. ಹೊರೆ ಇಳಿಸುವವನಿಗೆ ಅಂಥ ಹಾಡು ಒಪ್ಪುತ್ತದೆ.

ಮೇಲಿನಕ್ಕ ಅದನ್ನು ಕೇಳಿಕೊಂಡೇ ಮಗಳನ್ನು ಬೆಳೆಸಿದಳು ಎನ್ನಬಹುದು. ಆಗ ನಾವಿದ್ದ ಕಟ್ಟಡದಲ್ಲಿ ಮೇಲಿನ ಗಾಜಿನಿಂದ ಮಗಳ ಶಾಲೆಯ ಅಂಗಳ ಕಾಣುತ್ತಿತ್ತಂತೆ. ಹಳದಿ ಚೀಲ ಗೇಟು ದಾಟಿತು ಎಂದು ಅವಳು ವಾಕಿಟಾಕಿಯಲ್ಲಿ ಹೇಳಿದರೆ ನನಗೂ ಗಂಟೆ ಎಷ್ಟಾಯಿತೆಂದು ತಿಳಿಯುತ್ತಿತ್ತು. ಆ ಹಳದಿ ಚೀಲ ದೊಡ್ಡದಾಯಿತು, ಕಾಲೇಜಿಗೆ ಹೋಯಿತು, ಲೆಕ್ಕಪತ್ರದ ಕೋರ್ಸಿಗೆ ಸೇರಿತು. ಮಗಳು ಬಿಸಿಲು ಗಾಳಿ ತಾಗದ, ಫ್ಯಾನಿರುವ ಕೋಣೆಯಲ್ಲಿ ಕುರ್ಚಿ ಮೇಲೆ ಕೂತು ಕೆಲಸ ಮಾಡಬೇಕು ಎನ್ನುವುದು ತಾಯಿಯ ಆಸೆ.

ಹೋದ ವರ್ಷ ಮಗಳು ಆ ಕೋರ್ಸನ್ನು ಅರ್ಧಕ್ಕೆ ಬಿಟ್ಟು ಒಂದು ಸಲೂನಿಗೆ ಸೇರಿಕೊಂಡಳು. ತಲೆ ತೊಳೆಯುವ ಕೆಲಸ. ಕಲಿತ ಮೇಲೆ ಕತ್ತರಿ ಕೊಡುತ್ತಾರಂತೆ. ಅದನ್ನು ತಾಯಿಗೆ ಹೇಳಿದ ದಿನ ಮನೆಯಲ್ಲಿ ರಾಮಾಯಣವಾಯಿತು. “ಕಂಡವರ ತಲೆ ತೊಳೆಯೋಕಾ ನಿನ್ನ ಓದಿಸಿದ್ದು? ಇದಕ್ಕಾ ನಾನು ದಿನಾ ಆಕಾಶ ಹತ್ತಿ ಇಳಿದಿದ್ದು?” ಎಂದಳು ತಾಯಿ. “ಹತ್ತು ಅಂತ ನಾನು ಹೇಳಿದ್ನಾ? ನೀನು ಅಲ್ಲೇ ಮೇಲೇ ಇರು, ನೆಲದ ಮೇಲಿರೋರು ನಿಂಗೆ ಕಾಣ್ಸಲ್ಲ” ಎಂದಳು ಮಗಳು. ಮಾತಿಗೆ ಮಾತು ಬೆಳೆಯಿತು. ಎರಡು ದಿನ ಕಳೆಯುವುದರೊಳಗೆ ಮಗಳು ಸಲೂನಿನ ಹತ್ತಿರವೇ ಗೆಳತಿಯೊಬ್ಬಳ ಕೋಣೆಗೆ ಹೋದಳು.

ಮನೆ ಬಿಟ್ಟ ವಾರದಲ್ಲೇ ಮಗಳು ಒಮ್ಮೆ ಫೋನ್ ಮಾಡಿದಳಂತೆ. ಊಟ ಆಯ್ತಾ, ಬೆನ್ನು ನೋವು ಹೇಗಿದೆ ಎಂದು ನಾಲ್ಕು ಮಾತು. ಆಮೇಲೆ “ಅಮ್ಮ, ಒಂದು ವಿಷಯ...” ಎಂದವಳು ಸುಮ್ಮನಾದಳಂತೆ. ಇವಳೂ ಸುಮ್ಮನೆ ಕಾದಳು. ಆ ಕಡೆಯಿಂದ ತುಟಿ ಪಿಟಕ್ ಎನ್ನಲಿಲ್ಲ. ಸ್ವಲ್ಪ ಹೊತ್ತಿಗೆ ಫೋನ್ ಕಟ್ ಆಯಿತು. ಅದೇ ಕೊನೆ. ಇವಳೂ ಮಾಡಲಿಲ್ಲ, ಅವಳೂ ಮಾಡಲಿಲ್ಲ. ಚಳಿ ಹೋಗಿ ಬಿಸಿಲು ಬಂತು.

ಇದನ್ನೆಲ್ಲ ನನಗೆ ಅವಳು ಒಂದೇ ಸಲ ಹೇಳಲಿಲ್ಲ. ಹೊರೆ ಕಟ್ಟುವ ನಡುನಡುವೆ ತುಣುಕು ತುಣುಕಾಗಿ ಮೇಲಿಂದ ಉದುರಿಸಿದಳು. ಸಲೂನಿನ ಬೀದಿ ಅವಳಿಗೆ ಮೇಲಿಂದ ಕಾಣುವುದಿಲ್ಲ. ನಡುವೆ ಒಂದು ಹನ್ನೆರಡು ಮಹಡಿಯ ಕಟ್ಟಡ ಅಡ್ಡ ನಿಂತಿದೆ. ಹಿಂದೆ ಅದಕ್ಕೆ ಒಂದೊಂದು ಚಪ್ಪಡಿಯನ್ನೂ ಎತ್ತಿ ಇಟ್ಟವರು ನಾವಿಬ್ಬರೇ.

ಒಂದು ದಿನ ವಾಕಿಟಾಕಿಯಲ್ಲಿ ಬೇರೆ ಹಾಡು ಬಂತು.

“ಇದೇನಕ್ಕ, ಫೋನ್ ಕೆಟ್ಟಿದ್ಯಾ?”

“ಇಲ್ಲ. ಇದು ಅವಳದು. ಜಗಳಕ್ಕೆ ಮುಂಚೆ ಫೋನಲ್ಲಿ ಹಾಕಿಕೊಟ್ಟಿದ್ಳು, ಕೇಳಮ್ಮ ಒಂದ್ಸಲ ಅಂತ. ಆಮೇಲೆ ಕೇಳ್ತೀನಿ ಅಂದಿದ್ದೆ.” ಸ್ವಲ್ಪ ಬಿಟ್ಟು, “ಇದ್ರಲ್ಲಿ ಅವಳಿಗೆ ಏನು ಕಾಣ್ಸುತ್ತೆ ಅಂತ ನಂಗೆ ಗೊತ್ತಾಗ್ಬೇಕು. ನೀನೂ ಕೇಳು. ಕೇಳಿ ಹೇಳು, ನಂದು ಚೆನ್ನಾಗಿದ್ಯಾ, ಅವಳದಾ” ಎಂದಳು.

ಅವತ್ತಿನಿಂದ ನಮ್ಮ ಚಾನೆಲ್‌ನಲ್ಲಿ ಎರಡು ಹಾಡಿನ ಪಂಚಾಯಿತಿ ಶುರುವಾಯಿತು.

ಮಗಳ ಹಾಡಿನ ಹುಡುಗಿಯದು ತೆಳು ದನಿ. ಹಾಡುತ್ತಾಳೋ, ಕಿವಿಗೆ ಬಾಯಿಟ್ಟು ಗುಟ್ಟು ಹೇಳುತ್ತಾಳೋ ತಿಳಿಯುವುದಿಲ್ಲ. ಉಸಿರೆಳೆದುಕೊಂಡದ್ದೂ ಕೇಳಿಸುತ್ತದೆ. ಮಾತುಗಳನ್ನು ಅರ್ಧಕ್ಕೇ ಬಿಡುತ್ತಾಳೆ. ಪಿಯಾನೋ ಇಲ್ಲ, ತಾಳವಿಲ್ಲ. ದೂರದಲ್ಲೆಲ್ಲೋ ಪಂಪು ಓಡುತ್ತಿರುವ ಹಾಗೆ ಒಂದು ಗುಂಯ್ ಎನ್ನುವ ಶಬ್ದ ಏರುತ್ತದೆ, ಇಳಿಯುತ್ತದೆ. ಕಥೆಯೂ ಅಷ್ಟೇ ಚಿಕ್ಕದು. ಬೆಳಗಾಗುವ ಮುಂಚೆ ಒಬ್ಬ ಹುಡುಗಿ ಚಪ್ಪಲಿ ಕೈಯಲ್ಲಿ ಹಿಡಿದು, ಯಾರಿಗೂ ಎಚ್ಚರವಾಗದಂತೆ ಮನೆ ಬಿಟ್ಟು ಹೊರಡುತ್ತಾಳೆ. ದೀಪ ಆರಿಸಿ ಮಲಗು, ದಾರಿ ನನಗೆ ಗೊತ್ತು ಎನ್ನುತ್ತಾಳೆ. ಆ ಮಾತನ್ನು ಮತ್ತೆ ಮತ್ತೆ ಹೇಳುತ್ತಾಳೆ. ಆಮೇಲೆ ಹಾಡು ನಿಲ್ಲುತ್ತದೆ.

“ಊಟ ಮಾಡದೆ ಹಾಡಿದ ಹಾಗಿದೆ. ನಿನ್ನ ದೀಪದ ಹಾಡಿನ ಮುಂದೆ ಇದು ಯಾವ ಮೂಲೆಗೆ?” ಎಂದು ನಾನು ಮೊದಲ ದಿನವೇ ತೀರ್ಪು ಕೊಟ್ಟೆ.

ನನ್ನ ತೀರ್ಪಿನಿಂದ ಅವಳಿಗೆ ಖುಷಿಯಾಗಬೇಕಿತ್ತು. ಆಗಲಿಲ್ಲ. “ನೋಡು ಗುಡುಗಪ್ಪ, ನಾನು ಹಾಕಿಟ್ಟ ದೀಪಾನ ಇವಳು ಆರ್ಸು ಅಂತಾಳೆ. ಅಂದ್ರೆ ನನ್ನ ಕಾಯಬೇಡ ಅಂತ ತಾನೇ? ಜಗಳಕ್ಕೆ ಮುಂಚೇನೇ ನಂಗೆ ಇದನ್ನ ಕೇಳಿಸ್ಬೇಕು ಅಂತಿದ್ಳು ಅಂದ್ರೆ, ಹೋಗೋದು ಆಗಲೇ ಗಟ್ಟಿಯಾಗಿತ್ತು ಅಂತ ತಾನೇ?”

“ಹಾಡಿಗೆಲ್ಲ ಅಷ್ಟು ಅರ್ಥ ಹಚ್ಚಬೇಡ. ಕಂಬಿ ಕಟ್ಟಿದ್ದಾಯ್ತು, ಎತ್ತು” ಎಂದೆ. ಅವಳು ಎತ್ತಿದಳು. ಕೈಯಲ್ಲಿ ಒಂದಿಷ್ಟೂ ತಪ್ಪಿಲ್ಲ, ಹೊರೆ ಎಂದಿನಂತೆ ಹೂವಿನ ಹಾಗೆ ಮೇಲೆದ್ದಿತು. ಆದರೆ ಸಂಜೆ ಏಣಿ ಇಳಿದು ಬಂದವಳ ಮುಖ ಮಾತ್ರ ಬಾಡಿತ್ತು.

ಹೀಗೇ ವಾರಗಟ್ಟಲೆ ನಡೆಯಿತು. ಒಂದು ಹಾಡು ಅವಳದು, ಒಂದು ಮಗಳದು. ಎತ್ತು ಏರಿಗೆ, ಕೋಣ ನೀರಿಗೆ. ಹಾಡಿನ ಹುಡುಗಿ ದಾರಿ ಗೊತ್ತು ಎನ್ನುತ್ತಲೇ ಇದ್ದಳು, ಗಪ್ಪನೆ ನಿಲ್ಲುತ್ತಿದ್ದಳು, ಮೇಲಿನಕ್ಕ ಫೋನ್ ಆರಿಸುತ್ತಿದ್ದಳು. ಆಮೇಲೆ ಒಂದು ನಿಟ್ಟುಸಿರು ವಾಕಿಟಾಕಿಯಲ್ಲಿ ನನ್ನ ಎದೆಯ ಮೇಲೆ ಬಂದು ಬೀಳುತ್ತಿತ್ತು. ನನಗೆ ಆ ಹಾಡಿನ ಮೇಲೆ ಸಿಟ್ಟು ಬಂತು, ಹಾಡಿದವಳ ಮೇಲೆ ಬಂತು, ಮಗಳ ಮೇಲಂತೂ ಬೆಂಕಿಯೇ ಬಂತು.

ಒಂದು ಭಾನುವಾರ ಮನೆಯಲ್ಲಿ ಹೆಂಡತಿ ಹಿಟ್ಟು ಕಲಸುತ್ತಿದ್ದಳು. ಮಗಳ ಹಾಡಿನ ನಾಲ್ಕು ಮಾತು ಹೇಳಿ, ಇದು ನಿನಗೆ ಗೊತ್ತೇ ಎಂದು ಕೇಳಿದೆ.

ಅವಳು ಕೈ ನಿಲ್ಲಿಸಿ ನನ್ನನ್ನು ನೋಡಿದಳು. “ನಿಮಗೆ ಹಾಡಾ? ಯಾರಪ್ಪ ಕಲಿಸಿದ್ದು?”

“ಮೇಲಿನಕ್ಕ.”

“ಇಪ್ಪತ್ತು ವರ್ಷ ನನ್ನ ಜೊತೆ ಇದ್ದು ಒಂದು ಜೋಗುಳ ಕಲೀಲಿಲ್ಲ ನೀವು” ಎಂದು ಮೂಗು ಮುರಿದಳು. ಆದರೆ ಹಾಡು ಅವಳಿಗೆ ಗೊತ್ತಿತ್ತು. ಫೋನಿಗೆ ಬಾಯಲ್ಲೇ ಹೇಳಿ ಹಾಕಿಸಿದಳು. ಮೊಣಕೈವರೆಗೆ ಹಿಟ್ಟು, ಫೋನು ಕಿಟಕಿಯ ಕಟ್ಟೆಯ ಮೇಲೆ. ಹುಡುಗಿ ಚಪ್ಪಲಿ ಕೈಯಲ್ಲಿ ಹಿಡಿದು ಹೊರಟಳು, ದೀಪ ಆರಿಸು ಎಂದಳು, ದಾರಿ ಗೊತ್ತು ಎಂದಳು, ನಿಂತಳು. ನಾನು ಆರಿಸಲು ಎದ್ದೆ.

“ಇರ್ರೀ, ಮುಗಿದಿಲ್ಲ.”

“ಮುಗೀತಲ್ಲ!”

“ನಿಮ್ಮದು ಬರೀ ಅವಸರ. ಕೂತ್ಕೊಳ್ಳಿ.”

ನಲ್ಲಿಯಿಂದ ಹನಿ ಬಿದ್ದದ್ದು ಕೇಳಿಸಿತು. ಪಕ್ಕದ ಮನೆಯಲ್ಲಿ ಯಾರೋ ಬಾಗಿಲು ಹಾಕಿದರು. ಕೆಟ್ಟೇ ಹೋಯಿತು ಎಂದು ನಾನು ಅಂದುಕೊಳ್ಳುವಷ್ಟು ಹೊತ್ತಾಯಿತು. ಆಮೇಲೆ ಆ ಹುಡುಗಿಯ ದನಿ ಮತ್ತೆ ಬಂತು. ಈ ಸಲ ಗುಂಯ್ ಎನ್ನುವ ಶಬ್ದವೂ ಇಲ್ಲ, ಬರೀ ದನಿ. ಈಗಲೇ ಆರಿಸಬೇಡ, ನಾನು ತಿರುವು ದಾಟುವವರೆಗೆ ಇರಲಿ ಎಂದಳು. ಅಷ್ಟೇ. ಆಮೇಲೆ ನಿಜವಾಗಿಯೂ ಮುಗಿಯಿತು.

ನಾನು ಮರದ ಮಣೆಯ ಮೇಲೆ ಕೂತವನು ಕೂತೇ ಇದ್ದೆ. ಇಷ್ಟು ದಿನ ನಾನು ಮಾಡಿದ್ದ ಹೋಲಿಕೆಯೆಲ್ಲ ತಲೆಕೆಳಗಾಯಿತು. ದೀಪದ ಹಾಡಿನ ಹೆಂಗಸು ಮನೆಯೊಳಗೆ ಕೂತು ರಸ್ತೆ ನೋಡುತ್ತಾಳೆ. ಈ ಹುಡುಗಿ ರಸ್ತೆಯಲ್ಲಿ ನಡೆಯುತ್ತಾ ಹಿಂದಿರುಗಿ ಮನೆ ನೋಡುತ್ತಾಳೆ. ದೊಡ್ಡವಳು ತನಗೆ ಬೇಕಾದ್ದನ್ನು ಮೊದಲ ಸಾಲಿನಲ್ಲೇ ಹೇಳಿ, ಹಾಡು ಪೂರ್ತಿ ಅದನ್ನೇ ಹೇಳುತ್ತಾಳೆ. ಚಿಕ್ಕವಳಿಗೆ ಧೈರ್ಯ ಸಾಲದು. ಹಾಡು ಪೂರ್ತಿ ಬೇಡ ಬೇಡ ಎಂದು, ಎಲ್ಲರೂ ಎದ್ದು ಹೋದ ಮೇಲೆ ಬೇಕು ಎನ್ನುತ್ತಾಳೆ. ದನಿ ದಪ್ಪವೋ ತೆಳುವೋ, ಪಿಯಾನೋ ಇದೆಯೋ ಇಲ್ಲವೋ, ಅದೆಲ್ಲ ಆಮೇಲಿನ ಮಾತು.

“ಯಾಕ್ರೀ, ಏನಾಯ್ತು?” ಎಂದಳು ಹೆಂಡತಿ.

“ಮೇಲಿನಕ್ಕ ಇದನ್ನ ಅರ್ಧವೇ ಕೇಳಿದ್ದಾಳೆ ಕಣೇ. ದನಿ ನಿಂತ್ರೆ ಅವಳ ಕೈ ತಾನಾಗೇ ನಿಲ್ಲಿಸ್ಬಿಡುತ್ತೆ.”

ಸೋಮವಾರ ಬೆಳಿಗ್ಗೆ ಅವಳು ಏಣಿಗೆ ಕೈ ಹಾಕುವ ಮುಂಚೆಯೇ ಅಡ್ಡ ನಿಂತು ವಿಷಯ ಹೇಳಿದೆ. ಅವಳು ನಂಬಲಿಲ್ಲ. ಅವಳ ಫೋನಿನಲ್ಲೇ ಹಾಡು ಹಾಕಿಸಿದೆ. ಸಿಮೆಂಟಿನ ಚೀಲಗಳ ಮೇಲೆ ಕೂತು ಇಬ್ಬರೂ ಕೇಳಿದೆವು. ಹಾಡು ನಿಂತಾಗ ಅವಳ ಹೆಬ್ಬೆರಳು ಫೋನಿನ ಕಡೆ ಹೋಯಿತು. ನಾನು ಅವಳ ಕೈ ಹಿಡಿದುಕೊಂಡೆ. ಕೊನೆಯ ಮಾತು ಬಂತು. ಅವಳು ಫೋನನ್ನು ಮಡಿಲಲ್ಲಿಟ್ಟುಕೊಂಡಳು.

“ಹಾಡು ಬರೆದೋರು ಯಾರೋ. ನನ್ನ ಮಗಳು ಬರೆದಿದ್ದಲ್ಲವಲ್ಲ” ಎಂದಳು ಕೊನೆಗೆ.

“ಕೇಳು ಅಂದೋಳು ಅವಳು ತಾನೇ?”

“ಅವಳಿಗೆ ನಾನು ಬೇಕಾಗಿದ್ರೆ ಅವತ್ತು ಫೋನಲ್ಲಿ ಸುಮ್ಮನಾಗ್ತಿದ್ಳಾ? ಸುಮ್ಮನಾದ್ಳು. ನಾನು ನಿಲ್ಲಿಸ್ದೆ.”

ಆಗ ನನಗೆ ರೇಗಿತು. ತಡೆದುಕೊಳ್ಳುವುದು ನನ್ನ ಜಾತಕದಲ್ಲೇ ಇಲ್ಲ. “ಏನಕ್ಕ ನೀನು! ನಂಗೆ ಕೆಮ್ಮು ಬಂದು ದನಿ ನಿಂತಾಗ ಏನ್ ಮಾಡ್ದೆ? ನಿಲ್ಲಿಸಿ, ಗುಡುಗಪ್ಪಾ ಇದ್ದೀಯಾ ಅಂತ ಕರೀಲಿಲ್ವಾ? ಬರೀ ನಿಲ್ಲಿಸಿ ಕೂತಿದ್ರೆ ಆ ಟ್ಯಾಂಕು ಇವತ್ತಿಗೂ ಗಾಳೀಲೇ ನೇತಾಡ್ತಿತ್ತು! ಕೆಳಗಿರೋನ ದನಿ ಯಾಕೆ ನಿಲ್ಲುತ್ತೆ ಅಂತ ನಂಗೆ ಗೊತ್ತು, ನಿಂಗೆ ಗೊತ್ತಿಲ್ಲ. ಬ್ಯಾಟರಿ ಹೋಗಿರುತ್ತೆ. ಗಂಟಲು ಕಟ್ಟಿರುತ್ತೆ. ಏನು ಹೇಳ್ಬೇಕು ಅಂತ ಗೊತ್ತಾಗ್ದೆ ಬಾಯಿ ಒಣಗಿರುತ್ತೆ. ಕಂಡೋರ ಮಗ, ನನ್ನ ಕರೀತೀಯ, ಹೆತ್ತ ಮಗಳನ್ನ ಕರಿಯೋಕೆ ನಿನ್ನ ಗಂಟು ಹೋಗುತ್ತಾ?”

ಸುತ್ತ ಕೆಲಸ ಮಾಡುತ್ತಿದ್ದವರೆಲ್ಲ ತಿರುಗಿ ನೋಡಿದರು. ಅವಳು ಎದ್ದು, ತಲೆಗೆ ಟೋಪಿ ಹಾಕಿ, ಏಣಿ ಹತ್ತಿ ಹೊರಟೇ ಹೋದಳು. ಅವತ್ತು ಇಡೀ ದಿನ ಕೆಲಸದ ಮಾತು ಬಿಟ್ಟು ಬೇರೆ ಒಂದು ಅಕ್ಷರ ಮೇಲಿಂದ ಬರಲಿಲ್ಲ. ಯಾವ ಹಾಡೂ ಬರಲಿಲ್ಲ. ಬಾಯಿ ಬಿಟ್ಟು ಕೆಡಿಸಿದೆನಲ್ಲ ಎಂದು ನಾನು ಒಳಗೊಳಗೇ ಬೇಯುತ್ತಿದ್ದೆ.

ಸಂಜೆ ಕೊನೆಯ ಹೊರೆ ಇಳಿದ ಮೇಲೆ ವಾಕಿಟಾಕಿ ಗೊರಗೊರ ಎಂದಿತು. “ಭಾನುವಾರ ಬಿಡುವಿದ್ಯೇನೋ? ಒಬ್ಬಳೇ ಹೋದ್ರೆ ಬಾಗಿಲಿಂದಾನೇ ವಾಪಸ್ ಬಂದ್ಬಿಡ್ತೀನಿ.”

ಸಲೂನು ಬೀದಿಯ ಮೂಲೆಯಲ್ಲಿತ್ತು. ದೊಡ್ಡ ಗಾಜಿನ ಬಾಗಿಲು, ಒಳಗೆ ಶಾಂಪೂವಿನ ಘಮ, ಒಂದು ಕಡೆ ಗಂಡಸರ ಕುರ್ಚಿಗಳು, ಇನ್ನೊಂದು ಕಡೆ ಹೆಂಗಸರದು. ಮೇಲಿನಕ್ಕ ಎಣ್ಣೆ ಹಚ್ಚಿ ಬಿಗಿಯಾಗಿ ಜಡೆ ಕಟ್ಟಿಕೊಂಡು ಬಂದಿದ್ದಳು. ಅಷ್ಟು ಎತ್ತರ ಹತ್ತುವಾಗ ನಡುಗದ ಕಾಲು ಆ ಒಂದು ಮೆಟ್ಟಿಲಿಗೆ ತಡೆಯಿತು. ನಾನು ಬಾಗಿಲು ತಳ್ಳಿ ಹಿಡಿದೆ.

ಮಗಳು ಒಳಗೆ ಟವಲು ಮಡಿಸುತ್ತಿದ್ದಳು. ಕಪ್ಪು ಏಪ್ರನ್, ತೋಳು ಮಡಿಚಿದ್ದಳು. ತಾಯಿಯನ್ನು ನೋಡಿದವಳು ಟವಲನ್ನು ಎದೆಗೆ ಹಿಡಿದುಕೊಂಡು ನಿಂತಳು. ಕಟಿಂಗ್ ಮಾಡುತ್ತಿದ್ದ ಒಡತಿ ಕತ್ತು ತಿರುಗಿಸದೆ, “ಏನಾಗಬೇಕಿತ್ತಮ್ಮ?” ಎಂದು ಕೇಳಿದಳು.

“ತಲೆ ತೊಳಿಸ್ಕೋಬೇಕಿತ್ತು” ಎಂದಳು ಮೇಲಿನಕ್ಕ.

ಒಡತಿ ಮಗಳ ಕಡೆ ಕೈ ತೋರಿಸಿದಳು. ನಾನು ಬಾಗಿಲಲ್ಲಿ ಕಂಬದ ಹಾಗೆ ನಿಂತದ್ದನ್ನು ಕಂಡು, ಕ್ಷೌರಿಕನೊಬ್ಬ ಕುರ್ಚಿ ಒರೆಸಿ “ಬನ್ನಿ ಯಜಮಾನ್ರೆ” ಎಂದ. ಕೂರದೆ ದಾರಿಯಿರಲಿಲ್ಲ. ಗಡ್ಡಕ್ಕೆ ನೊರೆ ಹಚ್ಚಿದ. ಎದುರಿನ ಕನ್ನಡಿಯಲ್ಲಿ ಇಡೀ ಸಲೂನು ಕಾಣುತ್ತಿತ್ತು.

ಮಗಳು ತಾಯಿಯನ್ನು ಕೂರಿಸಿ, ಕುತ್ತಿಗೆಗೆ ಟವಲು ಸುತ್ತಿ, ಹಿಂದಕ್ಕೆ ಒರಗಿಸಿದಳು. ಜಡೆ ಬಿಚ್ಚಿದಳು. ನೀರನ್ನು ಮೊದಲು ತನ್ನ ಮಣಿಕಟ್ಟಿನ ಮೇಲೆ ಬಿಟ್ಟು ನೋಡಿ, ಆಮೇಲೆ ತಾಯಿಯ ತಲೆಗೆ ಬಿಟ್ಟಳು. ನನ್ನ ಕ್ಷೌರಿಕ ಏನೋ ಹರಟುತ್ತಿದ್ದ. “ಸ್ವಲ್ಪ ಬಾಯಿ ಮುಚ್ಚು ಮಾರಾಯ” ಎಂದೆ.

“ಬಿಸಿ ಜಾಸ್ತಿ ಆಯ್ತಾ?” ಮಗಳ ದನಿ.

“ಇಲ್ಲ.”

“ಕತ್ತು ಬಿಡು.”

“ಬಿಟ್ಟಿದ್ದೀನಿ.”

“ಬಿಟ್ಟಿಲ್ಲಮ್ಮ, ಹಿಡ್ಕೊಂಡಿದ್ದೀಯ. ನನ್ನ ಕೈ ಮೇಲೆ ಬಿಡು.”

“ನಿನ್ನ ಕೈ ನೋಯುತ್ತೆ.”

“ದಿನಾ ಎಷ್ಟು ತಲೆ ಹಿಡೀತೀನಿ ನಾನು! ಬಿಡು.”

ಮೇಲಿನಕ್ಕನ ಕತ್ತಿನ ನರ ಬಿಗಿದದ್ದು ನನಗೆ ಕನ್ನಡಿಯಲ್ಲೇ ಕಾಣುತ್ತಿತ್ತು. ಒಂದು ವಸ್ತುವೂ ಕೈ ಜಾರದ ಹಾಗೆ ಬದುಕಿದ ಹೆಂಗಸು, ತನ್ನ ತಲೆಯನ್ನು ಇನ್ನೊಬ್ಬರ ಅಂಗೈಯಲ್ಲಿ ಬಿಡುವುದು ಹೇಗೆಂದು ತಿಳಿಯದೆ ಒದ್ದಾಡುತ್ತಿದ್ದಳು. ಮಗಳು ಒಂದು ಕೈಯಲ್ಲಿ ತಲೆ ಹಿಡಿದು, ಇನ್ನೊಂದು ಕೈಯಿಂದ ಹಣೆಯನ್ನು ಮೆಲ್ಲಗೆ ಸವರಿದಳು. ಸವರುತ್ತಲೇ ಇದ್ದಳು. ಆಮೇಲೆ ಆ ಕತ್ತು ಸಡಿಲವಾಯಿತು. ಮಗಳ ಕೈ ಒಂದಿಷ್ಟು ಕೆಳಗಿಳಿದದ್ದರಿಂದ ಅದು ಗೊತ್ತಾಯಿತು.

“ಕಣ್ಣಿಗೆ ಸೋಪು ಹೋಯ್ತು” ಎಂದಳು ಮೇಲಿನಕ್ಕ.

“ಸೋಪು ಇನ್ನೂ ಹಾಕೇ ಇಲ್ಲಮ್ಮ.”

ಮಗಳು ಟವಲಿನ ತುದಿಯಿಂದ ತಾಯಿಯ ಕಣ್ಣು ಒರೆಸಿದಳು. ಆಮೇ‌ಲೆ ಅದೇ ತುದಿಯಿಂದ ತನ್ನದನ್ನೂ ಒರೆಸಿಕೊಂಡಳು.

“ಇದೇನು, ಕೂದಲಿಗೆ ಎಣ್ಣೆ ಹಾಕ್ತೀಯೋ ಗ್ರೀಸ್ ಹಾಕ್ತೀಯೋ? ಮೂರು ಸಲ ತೊಳೀಬೇಕು.”

“ಆರು ಸಲ ತೊಳಿ. ನಂಗೇನು ಅವಸರ ಇಲ್ಲ.” ಆಮೇಲೆ ತಾಯಿ ಕೇಳಿದಳು: “ಅವತ್ತು ಫೋನಲ್ಲಿ ಒಂದು ವಿಷಯ ಅಂದ್ಯಲ್ಲ. ಏನದು?”

“ಯಾವತ್ತು?... ಓ, ಅದಾ. ಮೊದಲನೇ ಸಲ ಒಬ್ರು ನನ್ನ ಕೈಗುಣ ಚೆನ್ನಾಗಿದೆ ಅಂದಿದ್ರು. ಹೇಳೋಣ ಅಂತಿದ್ದೆ. ನೀನು ಬಯ್ತೀಯೇನೋ ಅಂತ ಸುಮ್ಮನಾದೆ. ನೀನೂ ಏನೂ ಕೇಳ್ಲಿಲ್ಲ.”

ಮೇಲಿನಕ್ಕ ಕಣ್ಣು ಮುಚ್ಚಿಕೊಂಡೇ ಇದ್ದಳು. “ಸರಿಯಾಗೇ ಹೇಳಿದ್ದಾರೆ ಅವರು” ಎಂದಳು.

ಮಗಳ ಬೆರಳುಗಳು ಕೂದಲಲ್ಲಿ ಹಾಗೇ ನಿಂತು, ಮತ್ತೆ ಓಡಾಡತೊಡಗಿದವು. “ಆ ಹಾಡು ಕೇಳಿದ್ಯಾ, ನಾನು ಹಾಕಿಕೊಟ್ಟಿದ್ದು?”

“ಕೇಳ್ದೆ. ಪೂರ್ತಿ ಕೇಳ್ದೆ.”

“ಹೇಗಿದೆ?”

“ಚೆನ್ನಾಗಿದೆ.” ಒಂದು ಗಳಿಗೆ ತಡೆದು, “ನಂದು ಇನ್ನೂ ಚೆನ್ನಾಗಿದೆ” ಎಂದಳು.

ಮಗಳು ಗಟ್ಟಿಯಾಗಿ ನಕ್ಕಳು. ಒಡತಿ ತಿರುಗಿ ನೋಡಿದಳು. ನನಗೂ ನಗು ಬಂದು, ಕ್ಷೌರಿಕ “ಅಲ್ಲಾಡಬೇಡಿ ಯಜಮಾನ್ರೆ, ಕೆನ್ನೆ ಹೋಗುತ್ತೆ” ಎಂದು ಗದರಿದ.

ತಲೆ ಒಣಗಿಸಿ, ಬೈತಲೆ ತೆಗೆದು, ಮಗಳು ತಾಯಿಯನ್ನು ನನ್ನ ಹತ್ತಿರ ಕರೆದುಕೊಂಡು ಬಂದಳು. ಹಗುರವಾದ ಕೂದಲು ಭುಜದ ಮೇಲೆ ಹರಡಿ ಮೇಲಿನಕ್ಕ ಯಾರೋ ಬೇರೆಯವಳ ಹಾಗೆ ಕಾಣುತ್ತಿದ್ದಳು. ನಾಚಿಕೆಯಿಂದ ಅದನ್ನು ಎರಡೂ ಕೈಯಲ್ಲಿ ಒತ್ತಿ ಒತ್ತಿ ಹಿಡಿಯುತ್ತಿದ್ದಳು.

“ಮಾಮ, ನೀವು ಹೊರಡಿ. ಅಮ್ಮನ್ನ ನಾನು ಬಸ್ ಹತ್ತಿಸ್ತೀನಿ” ಎಂದಳು ಮಗಳು. ತಾಯಿಯ ಮುಖ ನೋಡಿದಳು. “ಸಂಜೆ ಬೇಡ. ನಾಳೆ ಬೆಳಿಗ್ಗೆ ಹತ್ತಿಸ್ತೀನಿ.”

ಸೋಮವಾರ ಮೇಲಿನಕ್ಕ ಗೇಟಿಗೆ ಬಂದದ್ದು ದಿನಾ ಬರುವ ಬೀದಿಯಿಂದಲ್ಲ. ಕೈಯಲ್ಲಿದ್ದ ಊಟದ ಡಬ್ಬಿಯೂ ಅವಳದಲ್ಲ, ಗುಲಾಬಿ ಬಣ್ಣದ್ದು. ಏನಿದೆ ಅದರಲ್ಲಿ ಎಂದು ಕೈ ಚಾಚಿದೆ.

“ಮುಟ್ಟಬೇಡ. ಮುಚ್ಚಳ ಸರಿಯಿಲ್ಲ, ಓರೆ ಮಾಡಬೇಡ ಅಂತ ಹೇಳಿ ಕಳ್ಸಿದ್ದಾಳೆ” ಎಂದು ನನ್ನನ್ನು ಗದರಿ, ಡಬ್ಬಿಯನ್ನು ಸೀರೆಯ ಸೆರಗಿನಲ್ಲಿ ಕಟ್ಟಿ ಎದೆಗೆ ಒತ್ತಿಕೊಂಡು, ಒಂದೇ ಕೈಯಲ್ಲಿ ಏಣಿ ಹಿಡಿದು ಹತ್ತತೊಡಗಿದಳು. ಒಂದು ಕೈಯಲ್ಲಿ ಹತ್ತುವುದು ನಿಯಮಕ್ಕೆ ವಿರುದ್ಧ. ಡಬ್ಬಿ ಕೊಡು, ಹಗ್ಗದಲ್ಲಿ ಕಳಿಸುತ್ತೇನೆ ಎಂದು ಕೆಳಗಿಂದ ಕೂಗಿ ಕೂಗಿ ನನ್ನ ಗಂಟಲು ಹರಿಯಿತು. ಅವಳು ಕೊಡಲಿಲ್ಲ.